ನೆಲದಿಂದ ಎದ್ದು ಬರುವ ನೀರಿಗೆ ಹೆಸರಿಟ್ಟಿದ್ದು

ಭೂವಿಜ್ಞಾನದ ಬರಹಗಳನ್ನು ಕನ್ನಡಕ್ಕೆ ತರುವವರಿಗೆ ಬೇಕೆಂದು ಪದಪಟ್ಟಿ ಮಾಡಿಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಬಂಡೆ, ಖನಿಜ, ಪದರಗಳ ಹೆಸರುಗಳು ಅಷ್ಟೇನೂ ಕಾಡಲಿಲ್ಲ. ಕಾಡಿದ್ದು ನೀರು. ಕೈಗೆ ಸಿಕ್ಕ ಪಟ್ಟಿಗಳಲ್ಲಿ ‘ಗೀಸರ್’ ಎದುರಿಗೆ ‘ಬಿಸಿನೀರಿನ ಬುಗ್ಗೆ’ ಎಂದಿತ್ತು. ‘ಹಾಟ್ ಸ್ಪ್ರಿಂಗ್’ ಎದುರಿಗೂ ಅದೇ. ಎರಡೂ ಒಂದೇ ಪುಟದಲ್ಲಿ ಬಂದರೆ ಅನುವಾದಕರು ಏನು ಮಾಡಬೇಕು? ಐಸ್‌ಲ್ಯಾಂಡಿನ ಹೌಕಾದಾಲೂರ್ ಕಣಿವೆಯಲ್ಲಿ ಅವೆರಡೂ ಅಕ್ಕಪಕ್ಕದಲ್ಲೇ ಇವೆ. ಒಂದು ಹಬೆಯಾಡುತ್ತ ಸುಮ್ಮನೆ ಹರಿದುಹೋಗುತ್ತದೆ, ಇನ್ನೊಂದು ಇದ್ದಕ್ಕಿದ್ದಂತೆ ಆಳೆತ್ತರ ಮೀರಿ ಮೇಲಕ್ಕೆ ಹಾರುತ್ತದೆ.

ಹಾಗಾಗಿ ನಾಮಪದಗಳನ್ನು ಬದಿಗಿಟ್ಟು ಕ್ರಿಯಾಪದಗಳಿಂದ ಶುರುಮಾಡಿದೆ. ಚಿಲುಮೆ, ಬುಗ್ಗೆ, ಒರತೆ, ಸೆಲೆ, ಊಟೆ ಎಂಬ ಪದಗಳನ್ನು ನಾವು ಒಂದರ ಜಾಗದಲ್ಲಿ ಇನ್ನೊಂದನ್ನು ಧಾರಾಳವಾಗಿ ಬಳಸುತ್ತೇವೆ. ಆದರೆ ಜಿನುಗು, ಒಸರು, ಉಕ್ಕು, ಚಿಮ್ಮು ಅನ್ನುವಲ್ಲಿ ಯಾರೂ ತಪ್ಪುವುದಿಲ್ಲ. ಜಿನುಗುವ ನೀರು ಹನಿಹನಿಯಾಗಿ ಬರುತ್ತದೆ. ಒಸರುವ ನೀರು ಬಂಡೆಯ ಮೈಯನ್ನು ತೇವವಾಗಿ ಹಿಡಿದುಕೊಂಡೇ ಇಳಿಯುತ್ತದೆ. ಉಕ್ಕುವುದು ಒಳಗಿಂದ ತುಂಬಿ ಬಾಯಿ ಮೀರುವುದು, ಒಲೆಯ ಮೇಲಿನ ಹಾಲಿನ ಹಾಗೆ. ಚಿಮ್ಮುವ ನೀರು ಮಾತ್ರ ನೆಲದ ಹಂಗು ಬಿಟ್ಟು ಗಾಳಿಗೆ ಏರಿ ಚದುರಿ ಬೀಳುತ್ತದೆ. ಗೀಸರ್ ಎಂಬ ಹೆಸರೂ ಹುಟ್ಟಿದ್ದು ಹೀಗೆಯೇ: ಅದೇ ಕಣಿವೆಯ ‘ಗೇಯ್ಸಿರ್’ ಎಂಬ ಒಂದು ಚಿಲುಮೆಯ ಹೆಸರು ಜಗತ್ತಿಗೆಲ್ಲ ಹಬ್ಬಿತು. ಅದರ ಮೂಲ ರಭಸದಿಂದ ನುಗ್ಗು ಎಂಬ ಅರ್ಥದ ಐಸ್‌ಲ್ಯಾಂಡಿಕ್ ಕ್ರಿಯಾಪದ.

ಆಮೇಲೆ ಮಾಡಿದ ಕೆಲಸವೆಂದರೆ ವಿಡಿಯೋಗಳನ್ನು ಧ್ವನಿ ತೆಗೆದು, ನಿಧಾನ ಮಾಡಿ ನೋಡಿದ್ದು. ಧ್ವನಿ ಇದ್ದರೆ ಪ್ರವಾಸಿಗರ ಕೂಗಾಟಕ್ಕೆ ಗಮನವೆಲ್ಲ ಹೋಗುತ್ತದೆ. ಈಗ ಗೇಯ್ಸಿರ್ ಬಹುಮಟ್ಟಿಗೆ ಮಲಗಿಬಿಟ್ಟಿದೆ, ಅಲ್ಲಿನ ಆಟವೆಲ್ಲ ಪಕ್ಕದ ಸ್ಟ್ರೋಕ್ಕುರ್‌ನದು. ಕೆಲವೇ ನಿಮಿಷಗಳಿಗೊಮ್ಮೆ ಸಾಮಾನ್ಯವಾಗಿ 15ರಿಂದ 20 ಮೀಟರ್ ಏರುತ್ತದೆ. ಅದಕ್ಕೂ ಮೊದಲು ಕೊಳದ ನೀರು ಉಸಿರಾಡುವಂತೆ ಏರಿಳಿಯುತ್ತದೆ. ಒಮ್ಮೆ ಅಂಚಿನವರೆಗೆ ಬಂದು ಹಿಂದೆ ಸರಿಯುತ್ತದೆ. ಮತ್ತೊಮ್ಮೆ ಬಂದಾಗ ನಡುವಿನ ನೀರು ಗುಮ್ಮಟದಂತೆ ಉಬ್ಬುತ್ತದೆ, ತಿಳಿನೀಲಿ, ಮೈಯೆಲ್ಲ ನುಣುಪು. ಅರೆಕ್ಷಣ ಹಾಗೇ ನಿಂತು ನೆತ್ತಿ ಬಿರಿದು ಬೆಳ್ಳನೆಯ ಹಬೆ, ಹಿಂದೆಯೇ ನೀರಿನ ಕಂಬ. ಉಬ್ಬು, ಬಿರಿ, ಚಿಮ್ಮು: ಮೂರು ಹಂತಕ್ಕೆ ಮೂರು ಪದ ಅಲ್ಲೇ ಸಿಕ್ಕವು. ಇಷ್ಟನ್ನೂ ಒಟ್ಟಿಗೆ ‘ಸ್ಫೋಟ’ ಎನ್ನುವುದು ನನಗೆ ಒಗ್ಗಲಿಲ್ಲ. ‘ಚಿಮ್ಮಾಟ’ ಎಂದು ಬರೆದೆ.

‘ಸ್ಫೋಟ’ವನ್ನು ಕಾಯ್ದಿಟ್ಟುಕೊಳ್ಳಲು ಇನ್ನೊಂದು ಕಾರಣವೂ ಇದೆ. 2024ರ ಜುಲೈ 23ರಂದು ಅಮೆರಿಕದ ಯೆಲ್ಲೊಸ್ಟೋನ್‌ನಲ್ಲಿ ಬಿಸ್ಕಿಟ್ ಬೇಸಿನ್ ಎಂಬಲ್ಲಿ ನೆಲದಡಿಯ ನೀರು ಒಮ್ಮೆಲೇ ಹಬೆಯಾಗಿ, ಕೆಸರು ಕಲ್ಲುಗಳನ್ನೆಲ್ಲ ಎತ್ತಿ ಎಸೆಯಿತು. ಜನ ಓಡಾಡುವ ಮರದ ಹಾದಿ ಮುರಿಯಿತು. ಅದು ನಿಜಕ್ಕೂ ಸ್ಫೋಟ. ದಿನಾ ನಡೆಯುವ ಚಿಮ್ಮಾಟಕ್ಕೂ ಅದೇ ಪದ ಕೊಟ್ಟುಬಿಟ್ಟರೆ ಇಂಥದ್ದು ನಡೆದಾಗ ಹೇಳಲು ಏನು ಉಳಿಯುತ್ತದೆ?

ವಿವರಣೆ ಬರೆಯುವಾಗ ಕಾರಣ ಗೊತ್ತಿರಲೇಬೇಕು, ಇಲ್ಲದಿದ್ದರೆ ಬರೀ ಚಂದದ ಮಾತಾಗುತ್ತದೆ. 1846ರಲ್ಲಿ ಜರ್ಮನಿಯ ರಸಾಯನವಿಜ್ಞಾನಿ ರಾಬರ್ಟ್ ಬುನ್ಸೆನ್ ಐಸ್‌ಲ್ಯಾಂಡಿಗೆ ಹೋಗಿ ಗೇಯ್ಸಿರ್‌ನ ಕೊಳವೆಯೊಳಗೆ ಬೇರೆಬೇರೆ ಆಳದಲ್ಲಿ ಉಷ್ಣತೆ ಅಳೆದರು. ಮೇಲಿನ ನೀರಿನ ಭಾರ ಕೆಳಗಿನ ನೀರನ್ನು ಕುದಿಯಗೊಡುವುದಿಲ್ಲ. ಹತ್ತು ಮೀಟರ್ ಆಳದಲ್ಲಿ ನೀರು ಕುದಿಯಲು ಸುಮಾರು 120 ಡಿಗ್ರಿ ಸೆಲ್ಸಿಯಸ್ ಬೇಕು. ಮೇಲಿನಿಂದ ಸ್ವಲ್ಪ ನೀರು ಹೊರಚೆಲ್ಲಿದರೆ ಸಾಕು, ಒತ್ತಡ ಇಳಿದು, ತಡೆಹಿಡಿದಿದ್ದ ನೀರು ಒಟ್ಟಿಗೇ ಹಬೆಯಾಗುತ್ತದೆ. ಹರಿದುಹೋಗುವ ಬಿಸಿನೀರ ಬುಗ್ಗೆಗೆ ಈ ಇಕ್ಕಟ್ಟಿನ ಕೊಳವೆ ಇಲ್ಲ, ಅದಕ್ಕೇ ಅದು ಶಾಂತ. ಎರಡಕ್ಕೂ ಇರುವ ವ್ಯತ್ಯಾಸ ಬಿಸಿಯದ್ದಲ್ಲ, ಕೊಳವೆಯದ್ದು ಎಂದು ಪಟ್ಟಿಯಲ್ಲಿ ದಪ್ಪಕ್ಷರದಲ್ಲೇ ಹಾಕಿದೆ.

ಜೊತೆಗೆ ಕೆಲಸ ಮಾಡುತ್ತಿದ್ದವರೊಬ್ಬರು ಗೀಸರ್‌ಗೆ ‘ಉಷ್ಣೋತ್ಸ’ (ಬಿಸಿಯ ಚಿಲುಮೆ) ಇರಲಿ ಎಂದರು. ಉಚ್ಚರಿಸುವ ಕಷ್ಟ ಒಂದು ಕಡೆಗಿರಲಿ, ‘ಉಷ್ಣ’ವೇ ಅಲ್ಲಿ ತೊಡಕು. ಜರ್ಮನಿಯ ಆಂಡರ್ನಾಖ್‌ನಲ್ಲಿ ಕೊರೆದ ಬಾವಿಯಿಂದ ಸುಮಾರು 60 ಮೀಟರ್ ಎತ್ತರಕ್ಕೆ ಚಿಮ್ಮುವುದು ತಣ್ಣೀರು. ಅದನ್ನು ಎತ್ತುವುದು ಹಬೆಯಲ್ಲ, ಇಂಗಾಲದ ಡೈಆಕ್ಸೈಡ್. ‘ನಿಗದಿತ ಸಮಯಕ್ಕೆ ಚಿಮ್ಮುವ’ ಎಂಬ ವಿವರಣೆಯನ್ನೂ ಕೈಬಿಟ್ಟೆ. ಯೆಲ್ಲೊಸ್ಟೋನ್‌ನ ಓಲ್ಡ್ ಫೇತ್‌ಫುಲ್ ಎಂಬ ಗೀಸರ್‌ಗೆ ಅದು ಸುಮಾರಾಗಿ ಹೊಂದುತ್ತದೆ. ಆದರೆ ಅಲ್ಲಿನದೇ ಇನ್ನೊಂದು ಗೀಸರ್ ಸ್ಟೀಮ್‌ಬೋಟ್ 1911ರಿಂದ 1961ರವರೆಗೆ ಅಲುಗಾಡಲಿಲ್ಲ, 2019ರಲ್ಲಿ ಒಂದೇ ವರ್ಷ 48 ಸಲ ಚಿಮ್ಮಿತು. ‘ಬಿಡುವು ಕೊಟ್ಟು ಚಿಮ್ಮುವ’ ಎಂದರೆ ಇಬ್ಬರಿಗೂ ಸಲ್ಲುತ್ತದೆ.

ಕೊನೆಗೆ ‘ಚಿಮ್ಮುಬುಗ್ಗೆ’ ನಿಂತಿತು. ಸ್ಥಳದ ಹೆಸರಿನೊಡನೆ ಬಂದಾಗ ಗೀಸರ್ ಎಂದೇ ಉಳಿಸಿ ಎಂದು ಸೂಚಿಸಿದ್ದೇನೆ. ಬರೀ ಗೀಸರ್ ಎಂದರೆ ಓದುಗರಿಗೆ ಮೊದಲು ನೆನಪಾಗುವುದು ಬಚ್ಚಲುಮನೆಯ ಗೋಡೆಯಲ್ಲವೇ!

ಉಳಿದವು ಬೇಗ ಮುಗಿದವು. ಕಾರಂಜಿ ಮನುಷ್ಯರು ಕಟ್ಟಿದ್ದಕ್ಕೆ ಮೀಸಲು. ನೀರಿಲ್ಲದೆ ಹಬೆಯಷ್ಟೇ ಬರುವಲ್ಲಿ ‘ಹಬೆಗಂಡಿ’. ಆರ್ಟೀಸಿಯನ್ ಬಾವಿಯಲ್ಲಿ ಮಾತ್ರ ಸ್ವಲ್ಪ ನಿಂತೆ. ಫ್ರಾನ್ಸಿನ ಆರ್ಟುವಾ ಪ್ರಾಂತ್ಯದಿಂದ ಬಂದ ಹೆಸರು ಅದು. ನೀರು ಇಂಗದ ಪದರದ ಕೆಳಗೆ ಒತ್ತಡದಲ್ಲಿ ಸಿಕ್ಕಿಕೊಂಡ ನೀರು, ಬಾವಿ ತೋಡಿದಾಗ ತಾನಾಗಿ ಮೇಲೇರುತ್ತದೆ. ಆದರೆ ಎಲ್ಲ ಕಡೆಯೂ ನೆಲದ ಮಟ್ಟ ಮುಟ್ಟುವುದಿಲ್ಲ. ಮುಟ್ಟಿ ಹೊರಚೆಲ್ಲುವುದಕ್ಕಷ್ಟೇ ‘ಉಕ್ಕುಬಾವಿ’, ಮಿಕ್ಕದ್ದಕ್ಕೆ ಹಳೆಯ ಹೆಸರೇ.

ಹೆಸರಿಡದೆ ಬಿಟ್ಟದ್ದು ‘ಎಸ್ಟಾವೆಲ್’. ಸುಣ್ಣಕಲ್ಲಿನ ನೆಲದಲ್ಲಿರುವ ಈ ಬಾಯಿ, ಅಂತರ್ಜಲ ಏರಿದಾಗ ನೀರನ್ನು ಹೊರಗೆ ಉಕ್ಕಿಸುತ್ತದೆ, ಇಳಿದಾಗ ಸುತ್ತಲ ನೀರನ್ನು ಒಳಗೆ ನುಂಗುತ್ತದೆ. ಉಕ್ಕು ಎನ್ನಲೂ ಆಗದು, ನುಂಗು ಎನ್ನಲೂ ಆಗದು. ಅದರ ಎದುರಿಗೆ ಎರಡು ಸಾಲಿನ ವಿವರಣೆ ಬರೆದು, ಪದದ ಜಾಗವನ್ನು ಖಾಲಿ ಬಿಟ್ಟಿದ್ದೇನೆ.