ಹಾರ್ಮೋನಿಯಂ ಇಟ್ಟುಕೊಂಡು ‘ಶಿರಾಜ್’ ಮೂಕಿ ಚಿತ್ರ ತೋರಿಸಿದ್ದು: ನನ್ನ ಅನುಭವ

ಒಂದೂ ಮುಕ್ಕಾಲು ಗಂಟೆ ಮೂಕಿ ಚಿತ್ರಕ್ಕೆ ಜನ ಕೂರಲ್ಲ ಅಂದವರೇ ಜಾಸ್ತಿ. ಕೂತರು. ನೂರಿಪ್ಪತ್ತು ಜನರ ಹತ್ತಿರ ಬಂದಿದ್ದರು, ಮಧ್ಯೆ ಎದ್ದು ಹೋದವರು ನಾಲ್ಕೈದು ಮಂದಿ ಇರಬಹುದು.

1928ರ ಚಿತ್ರ, ಫ್ರಾಂಝ್ ಓಸ್ಟನ್ ನಿರ್ದೇಶನ. ಕಥೆ ಇಷ್ಟು: ಕುಂಬಾರರ ಮನೆಯ ಶಿರಾಜ್, ಅವನ ಜೊತೆ ಬೆಳೆದ ಸೆಲಿಮಾ, ಅವಳನ್ನು ಗುಲಾಮರ ಸಂತೆಯಲ್ಲಿ ಕೊಂಡ ರಾಜಕುಮಾರ ಖುರ್ರಮ್ (ಮುಂದೆ ಷಾಜಹಾನ್), ಕೊನೆಗೆ ಅವಳ ನೆನಪಿಗೆ ಶಿರಾಜ್ ರೂಪಿಸುವ ತಾಜ್ ಮಹಲ್. ಸೆಲಿಮಾ ಪಾತ್ರದ ಏಣಾಕ್ಷಿ ರಾಮರಾವ್ ಆಮೇಲೆ ನಮ್ಮ ಕೈಲಾಸಂ ನಟಿಸಿದ ‘ವಸಂತಸೇನಾ’ದಲ್ಲೂ ಇದ್ದರು. ಇದನ್ನು ಪೋಸ್ಟರಿನಲ್ಲಿ ದಪ್ಪಗೆ ಹಾಕಿಸಿದೆ, ಅರ್ಧ ಟಿಕೆಟ್ ಹೋಗಿದ್ದೇ ಅದರಿಂದ.

2017ರ ಹೊಸ ಪ್ರಿಂಟಿಗೆ ಸಿತಾರ್ ವಾದಕಿ ಅನುಷ್ಕಾ ಶಂಕರ್ ಸಂಗೀತ ಇದೆಯಲ್ಲ, ಅದನ್ನು ಮ್ಯೂಟ್ ಮಾಡಿ ನಿನ್ನ ಹಾರ್ಮೋನಿಯಂ ಯಾರಿಗೆ ಬೇಕು ಅಂತ ನಕ್ಕರು. ಎದುರಿಗೇ ಕೂತು ನುಡಿಸೋದು ಬೇರೆಯೇ ವಿಷಯ, ವಾದ ಮಾಡಲಿಲ್ಲ.

ಮೊದಲು ಕೀಬೋರ್ಡ್ ತಂದೆ. ಎಂಟು ಸಾವಿರದಷ್ಟು ಹೋಯಿತು, ಇಡೀ ಚಿತ್ರ ಸಂಜೆಯ ಧಾರಾವಾಹಿ ಆಗಿಬಿಟ್ಟಿತು. ಆಮೇಲೆ ಉದ್ದಕ್ಕೂ ತಬಲಾ. ಗೆಳೆಯರಿಗೆ ತೋರಿಸಿದಾಗ ತಿಹಾಯಿಗೆ (ಮೂರು ಸಲ ಬಾರಿಸಿ ಮುಗಿಸುವ ಪಟ್ಟು) ಜೋರು ಚಪ್ಪಾಳೆ ಬಿತ್ತು. ಪರದೆ ಮೇಲೆ ಆಗ ಸೆಲಿಮಾಳನ್ನು ಕಳ್ಳರು ಹೊತ್ತುಕೊಂಡು ಹೋಗುತ್ತಿದ್ದರು! ಕುಂಬಾರರ ಮನೆ ದೃಶ್ಯಕ್ಕೆ ನಿಜವಾದ ಮಡಕೆಯನ್ನೇ ಬಾರಿಸಿಯೂ ನೋಡಿದೆ. ಮನೆಯಲ್ಲಿ ಚೆನ್ನಾಗಿತ್ತು, ಹಾಲ್‌ನಲ್ಲಿ ಎರಡನೇ ಸಾಲಿಗೂ ಕೇಳಲಿಲ್ಲ.

ಕೊನೆಗೆ ನಿಂತಿದ್ದು ಹಾರ್ಮೋನಿಯಂ, ಬಾನ್ಸುರಿ, ಮೂರೇ ಕಡೆ ತಬಲಾ. ಸೆಲಿಮಾಗೆ ಯಮನ್ ರಾಗದಲ್ಲಿ ಒಂದು ಚಿಕ್ಕ ಧುನ್. ಶಿರಾಜ್ ಅರಮನೆ ಹೊರಗೆ ಒಬ್ಬನೇ ಅಲೆಯುವಾಗ ಅದೇ ಧುನ್‌ಗೆ ಗಾಂಧಾರ (ಗ ಸ್ವರ) ಮಾತ್ರ ಕೋಮಲ ಮಾಡಿದೆ, ಅಂದರೆ ಅರ್ಧ ಸ್ವರ ಇಳಿಸಿದೆ, ಮಧುವಂತಿ ರಾಗದ ನೆರಳು ಬಂತು. ಅಷ್ಟೇ ಸಾಕಾಯಿತು. ಮರಣದಂಡನೆಗೆ ಗುರಿಯಾದ ಶಿರಾಜನ ತಲೆಯ ಮೇಲೆ ಆನೆ ಕಾಲೆತ್ತುವಾಗ ಎಲ್ಲ ನಿಲ್ಲಿಸಿದೆವು. “ಇಲ್ಲೇ ಬಾರಿಸದಿದ್ರೆ ನನ್ನ ಯಾಕೆ ಕರೆದ್ರಿ ಸರ್?” ಅಂತ ತಬಲಾದವರಿಗೆ ಬೇಜಾರು. ಶೋ ದಿನ ಹಾಲ್‌ನಲ್ಲಿ ಫ್ಯಾನ್ ಸದ್ದು ಬಿಟ್ಟರೆ ಏನಿಲ್ಲ, ಆಮೇಲೆ ಅವರೇ ಬಂದು ಕೈ ಕುಲುಕಿದರು. ಮೂವರೂ ಒಂದೇ ಕ್ಷಣಕ್ಕೆ ನಿಲ್ಲೋದು ಹೇಗೆ ಅಂತ ಕೇಳಬೇಡಿ, ಅದು ನನ್ನ ಬಳಿಯೇ ಇರಲಿ.

ಪರದೆ ಮೇಲೆ ದೃಶ್ಯಗಳ ಮಧ್ಯೆ ಬರುವ ಇಂಗ್ಲಿಷ್ ಬರಹದ ಕಾರ್ಡುಗಳನ್ನು ಒಬ್ಬರು ಕನ್ನಡದಲ್ಲಿ ಓದಿದರು. ನಾಟಕದವರು ಬೇಡ, ಅಳುತ್ತಾ ಓದುತ್ತಾರೆ. ಬಸ್ಸಿನ ಬೋರ್ಡ್ ಓದುವಷ್ಟು ಸಪ್ಪಗೆ ಓದಿದರೇ ಚೆನ್ನ.

ಅನುಮತಿ, ಹಾಲ್, ವಾದಕರು, ಎಲ್ಲ ಸೇರಿ ಸುಮಾರು ಮೂವತ್ತೈದು ಸಾವಿರ. 150 ರೂಪಾಯಿ ಟಿಕೆಟ್ಟಿನಲ್ಲಿ ಬಂದಿದ್ದು ಅದರ ಅರ್ಧ. ಎರಡನೇ ಶೋಗೆ ಬೇರೆ ಊರಿನವರೇ ಕರೆಸಿದರು, ಲೆಕ್ಕ ಸರಿಹೋಯಿತು.

ಈಗ ಓಸ್ಟನ್ ತಂಡದ್ದೇ ಇನ್ನೊಂದು ಮೂಕಿ ಚಿತ್ರ, 1929ರ ‘ಪ್ರಪಂಚ ಪಾಶ್’ ಮೇಲೆ ಕಣ್ಣಿದೆ. ಜೂಜಿನ ದೃಶ್ಯಕ್ಕೆ ಕವಡೆ ಉರುಳಿಸಿ ನೋಡಿದೆ, ಮೈಕಿನಲ್ಲಿ ಬರೀ ಗಲಗಲ. ಯಾರಾದರೂ ಬೇರೆ ಏನಾದರೂ ಮಾಡಿದ್ದರೆ ಹೇಳಿ.