ಹಳ್ಳದ ದಂಡೆ ಕುಸಿಯುತ್ತಿದೆಯಾ? ಜೆಸಿಬಿ ಕರೆಯೋ ಮುಂಚೆ ಇದನ್ನು ಓದಿ

ತೀರ್ಥಹಳ್ಳಿ ಕಡೆಯ ನಮ್ಮ ಅಡಿಕೆ ತೋಟದ ಕೆಳಮಗ್ಗುಲಲ್ಲಿ ಒಂದು ಹಳ್ಳವಿದೆ. ಮಾಲತಿ ಹೊಳೆ ಸೇರಿ, ಅಲ್ಲಿಂದ ತುಂಗೆಗೆ ಹೋಗುವ ನೀರು. ಮಳೆಗಾಲ ಮುಗಿದು ದಂಡೆ ಕುಸಿದಿದ್ದು ಕಂಡರೆ ಸಾಕು, ಜೆಸಿಬಿ ತರಿಸು, ಹಳ್ಳ ನೇರ ಮಾಡಿಸು, ಗೋಡೆ ಕಟ್ಟಿಸು ಅಂತ ಊರೆಲ್ಲ ಸಲಹೆ ಕೊಡುತ್ತದೆ. ಬೇಡ ಮಾರಾಯ್ರೆ. ನೇರ ಮಾಡಿದ ಹಳ್ಳದಲ್ಲಿ ನೀರಿನ ಓಟ ಜಾಸ್ತಿ. ಅದು ಗೋಡೆಯ ಬುಡವನ್ನೇ ಕೊರೆಯುತ್ತದೆ, ಮಿಕ್ಕ ಸಿಟ್ಟನ್ನು ಕೆಳಗಿನ ತೋಟದವರ ಮೇಲೆ ತೀರಿಸಿಕೊಳ್ಳುತ್ತದೆ. ಮಣ್ಣು ಹಿಡಿಯಬೇಕಾದ್ದು ಬೇರು.

ಮೊದಲು ಹಳ್ಳದುದ್ದಕ್ಕೂ ಒಮ್ಮೆ ನಡೆದು ನೋಡಿ. ತಿರುವಿನ ಒಳಮಗ್ಗುಲಲ್ಲಿ ಮರಳು ಕೂತಿರುತ್ತದೆ, ಹೊರಮಗ್ಗುಲು ಕೊರೆದಿರುತ್ತದೆ. ಗಿಡ ಬೇಕಾದ್ದು ಹೊರಮಗ್ಗುಲಿಗೆ. ನೀರಂಚಿನಿಂದ 10–15 ಅಡಿ ಜಾಗ ಬಿಟ್ಟುಬಿಡಿ, ಅಲ್ಲಿ ಹಳು (ಕುರುಚಲು ಗಿಡಗಂಟಿ) ಸವರಬೇಡಿ. ಒಂದು ಸಾಲು ಅಡಿಕೆ ಕಮ್ಮಿಯಾಗಬಹುದು. ದಂಡೆ ಕುಸಿದರೆ ಆ ಸಾಲು ಹೇಗೂ ಹೋಗುವುದೇ ಅಲ್ವಾ?

ನೆಡುವುದಕ್ಕೆ ಮೃಗಶಿರಾ ಮಳೆ ಸರಿ, ಅಂದರೆ ಜೂನ್ ಎರಡನೇ ವಾರ. ಪುನರ್ವಸು, ಪುಷ್ಯದ ನೆರೆ ಬರುವಷ್ಟರಲ್ಲಿ ಬೇರು ಕಚ್ಚಿರಬೇಕು. ನೀರಂಚಿಗೆ ಲಾವಂಚ. ಬುಡ ಬಿಡಿಸಿ, ಒಂದು ಗೇಣಿಗಿಂತಲೂ ಹತ್ತಿರ ಹತ್ತಿರವಾಗಿ, ಇಳಿಜಾರಿಗೆ ಅಡ್ಡಸಾಲು ಹಾಕಿ. ಇದರ ಬೇರು ಪಕ್ಕಕ್ಕೆ ಹರಡದೆ ನೆಟ್ಟಗೆ 2–3 ಮೀಟರ್ ಆಳಕ್ಕೆ ಇಳಿಯುತ್ತದೆ. ಅದರ ಮೇಲೆ ಲಕ್ಕಿ. ಕಡ್ಡಿ ಊರಿದರೂ ಚಿಗುರುತ್ತದೆ, ದನ ಬಾಯಿ ಹಾಕುವುದಿಲ್ಲ. ಇನ್ನೂ ಮೇಲೆ ಹೊಂಗೆ, ಹೊಳೆದಾಸವಾಳ, ಹೊಳೆಮತ್ತಿ. ಹೊಳೆಮತ್ತಿ ಕಾಯಿಗೆ ಉದ್ದುದ್ದಕ್ಕೆ ಐದು ರೆಕ್ಕೆ ಇರುತ್ತವೆ, ನೋಡಿದರೆ ತಪ್ಪುವುದಿಲ್ಲ. ಬೇಸಿಗೆಯಲ್ಲಿ ಕಾಯಿ ಹೆಕ್ಕಿ ತಂದು, ಎರಡು ದಿನ ನೀರಲ್ಲಿ ನೆನೆಸಿ ಮಣ್ಣು ತುಂಬಿದ ಪ್ಲಾಸ್ಟಿಕ್ ತೊಟ್ಟೆಗೆ ಹಾಕಿ. ಮರ ದೊಡ್ಡದಾದರೆ ನೆರಳು. ನೆರಳಿನ ನೀರು ತಣ್ಣಗಿರುತ್ತದೆ, ತಣ್ಣೀರಲ್ಲಿ ಮೀನಿಗೆ ಬೇಕಾದ ಆಮ್ಲಜನಕ ಜಾಸ್ತಿ ನಿಲ್ಲುತ್ತದೆ.

ಹಾಗಂತ ಇಡೀ ದಂಡೆ ಮುಚ್ಚಬೇಡಿ. ಎಲ್ಲಾದರೂ ನೆಟ್ಟಗಿನ ಬೋಳು ಧರೆ (ಕಡಿದಾದ ಮಣ್ಣಿನ ದಂಡೆ) ಇದ್ದರೆ ಹಾಗೇ ಬಿಡಿ. ಮಿಂಚುಳ್ಳಿ ಗೂಡು ಕೊರೆಯುವುದು ಅಂಥ ಕಡೆಯೇ. ತೂತಿನ ಬಾಯಲ್ಲಿ ಬಿಳಿ ಹಿಕ್ಕೆ ಇಳಿದ ಗೆರೆ, ಹತ್ತಿರ ಹೋದರೆ ಮೀನಿನ ನಾತ ಇದ್ದರೆ ಒಳಗೆ ಮರಿಗಳಿವೆ ಅಂತ ತಿಳಿಯಿರಿ. ಬಿದ್ದ ಮರವನ್ನೂ ಸುಮ್ನೆ ಎಳೆದು ಹಾಕಬೇಡಿ, ನೀರಿಗೆ ಪೂರ್ತಿ ಅಡ್ಡವಾಗಿದ್ದರೆ ಮಾತ್ರ ತೆಗೆಯಿರಿ. ಅದರಡಿ ಏಡಿ, ಮೀನುಮರಿ ಅಡಗಿರುತ್ತವೆ. ಮುಂಗಾರಿನ ಮೊದಲ ನೆರೆಗೆ ಹತ್ತುಮೀನು (ಹರಿವಿಗೆ ಎದುರಾಗಿ ಹತ್ತುವ ಮೀನು) ಮೊಟ್ಟೆ ಇಡಲು ಗದ್ದೆ ಕಡೆ ಏರುವ ದಾರಿಗೂ ಕಲ್ಲು ಪೇರಿಸಬೇಡಿ.

ಹಳ್ಳ ಚೆನ್ನಾಗಿದೆಯಾ ಅಂತ ನೋಡಲು ಲ್ಯಾಬ್ ಬೇಕಿಲ್ಲ. ದೀಪಾವಳಿ ಹೊತ್ತಿಗೆ ನೀರು ತಿಳಿಯಾದ ಮೇಲೆ ಹರಿವಿನೊಳಗಿನ ಕಲ್ಲೊಂದನ್ನು ಮಗುಚಿ. ಮರಳಿನ ಕಾಳು ಅಂಟಿಸಿಕೊಂಡು ಕೊಳವೆ ಕಟ್ಟಿಕೊಂಡ ಸಣ್ಣ ಹುಳಗಳಿದ್ದರೆ ಒಳ್ಳೆಯ ಲಕ್ಷಣ. ನೋಡಿದ ಮೇಲೆ ಕಲ್ಲನ್ನು ಇದ್ದ ಹಾಗೇ ಇಡಿ.

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದ ಮೇಲೆ ಬ್ಯಾರಲ್ ತೊಳೆಯಲು ಹಳ್ಳಕ್ಕೆ ಇಳಿಯುವವರ ಮೇಲೆ ಮಾತ್ರ ನನಗೆ ಸಿಟ್ಟು. ಮೈಲುತುತ್ತದ ತಾಮ್ರ ಮೀನಿಗೆ ವಿಷ. ಒಂದು ಕೊಡ ನೀರು ಮೇಲಕ್ಕೆ ಹೊತ್ತು, ಹಳ್ಳದಿಂದ ದೂರ ತೊಳೆಯಿರಿ. ಅಡಿಕೆ ಸಿಪ್ಪೆಯನ್ನೂ ಹಳ್ಳಕ್ಕೆ ಸುರಿಯಬೇಡಿ. ಕೊಳೆಯುವಾಗ ಅದು ನೀರಿನ ಆಮ್ಲಜನಕ ತಿನ್ನುತ್ತದೆ. ಗೊಬ್ಬರದ ಗುಂಡಿಗೆ ಹಾಕಿದರೆ ಅದೇ ಸಿಪ್ಪೆ ತೋಟಕ್ಕೆ ವಾಪಸ್ ಬರುತ್ತದೆ.