ಎಲ್ಲರೂ ಎಸೆಯಿರಿ ಅಂದ ಸಿಡಿ: ನನ್ನ ಅನುಭವ

ಸಿಡಿ ಬದಲಾಯಿಸಿಕೊಳ್ಳುವ ನಮ್ಮ ಬಳಗದಲ್ಲಿ, ಗೀರು ಬಿದ್ದ ನನ್ನ ಒಂದು ಸಿಡಿ ಬಗ್ಗೆ ಎಲ್ಲರೂ ಒಂದೇ ಮಾತು ಹೇಳಿದ್ದರು: "ಅದನ್ನ ಎಸೆದುಬಿಡಿ, ಇನ್ನೊಂದು ಹುಡುಕಿ." ನಾನು ಎಸೆಯಲಿಲ್ಲ. ಹೋದ ವಾರ ಅದರ 7ನೇ ಟ್ರ್ಯಾಕ್‌ನ ರಿಪ್ (ಕಂಪ್ಯೂಟರ್‌ಗೆ ಇಳಿಸಿಕೊಂಡ ಪ್ರತಿ) ಕೂಡ, ಬೇರೆಯವರ ರಿಪ್ ಜೊತೆ ಹೋಲಿಸಿ ನೋಡುವ ಡೇಟಾಬೇಸ್ ಆದ ಆಕ್ಯುರೇಟ್‌ರಿಪ್‌ನಲ್ಲಿ ತಾಳೆಯಾಯಿತು, ಕಾನ್ಫಿಡೆನ್ಸ್ 14, ಅಂದರೆ ಹದಿನಾಲ್ಕು ರಿಪ್ ಹೀಗೇ ಬಂದಿವೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಹತ್ತಿರ ಎರಡೆರಡು ಇದ್ದ ಮೂರು ಒಳ್ಳೇ ಡಿಸ್ಕ್ ಕೊಟ್ಟು ಇದನ್ನು ತಗೊಂಡಿದ್ದೆ. "ಹೊಸದರ ಹಾಗಿದೆ" ಅಂದಿದ್ದರು. ಬಿಚ್ಚಿ ನೋಡಿದರೆ ಕಮಾನಿನ ಹಾಗೆ ಉದ್ದಕ್ಕೆ ಒಂದು ಗೀರು. ನಡುವಿನಿಂದ ಅಂಚಿಗೆ ಎಳೆದ ಗೀರಾಗಿದ್ದರೆ ನಾನು ತಲೆಯೇ ಕೆಡಿಸಿಕೊಳ್ಳುತ್ತಿರಲಿಲ್ಲ. ಡಿಸ್ಕ್‌ನ ತಿದ್ದುಪಡಿ ವ್ಯವಸ್ಥೆ ಸುತ್ತು ಸುತ್ತಾಗಿರುವ ಡೇಟಾ ಸಾಲಿನ ಉದ್ದಕ್ಕೆ ಸುಮಾರು ಎರಡೂವರೆ ಮಿಲಿಮೀಟರ್ ಹಾಳಾದರೂ ತುಂಬಿಕೊಡುತ್ತದೆ. ಇದು ಅದಕ್ಕಿಂತ ತುಂಬಾ ಜಾಸ್ತಿ ಇತ್ತು.

ಮೊದಲ ದಡ್ಡತನ, ಪಾಲಿಶ್ ಮೆಷಿನ್. ಕೊಟ್ಟ ಮೂರು ಡಿಸ್ಕ್‌ಗಿಂತ ಅದಕ್ಕೇ ಜಾಸ್ತಿ ದುಡ್ಡು ಹೋಯಿತು. ಒಂದು ಸಲ ಉಜ್ಜಿದಾಗ ಸ್ವಲ್ಪ ಸುಧಾರಿಸಿತು, ಆಸೆ ಹುಟ್ಟಿತು, ಇನ್ನೂ ನಾಲ್ಕು ಸಲ ಉಜ್ಜಿದೆ. ಮೇಲ್ಮೈ ಮಂಜು ಮಂಜಾಯಿತು. ಅಲ್ಲಿವರೆಗೆ ಸರಿಯಾಗಿ ಓದುತ್ತಿದ್ದ 9ನೇ ಟ್ರ್ಯಾಕ್ ಕೂಡ ತೊದಲೋಕೆ ಶುರು ಮಾಡಿತು. ಅದೇ ಹುಮ್ಮಸ್ಸಿನಲ್ಲಿ ಲೇಬಲ್ ಕಡೆ ಗೀರು ಬಿದ್ದಿದ್ದ ಇನ್ನೊಂದು ಡಿಸ್ಕ್‌ನ ಕೆಳಭಾಗ ಉಜ್ಜಿದೆ. ಡೇಟಾ ಇರೋದೇ ಲೇಬಲ್ ಕೆಳಗೆ, ಈ ಕಡೆ ಇರೋದು 1.2 ಮಿಲಿಮೀಟರ್ ಪ್ಲಾಸ್ಟಿಕ್ ಅಷ್ಟೇ. ಗೊತ್ತಿದ್ದೂ ಮಾಡಿದೆ, ಏನು ಹೇಳಲಿ.

ಆಮೇಲೆ ಹೊಸ ಡ್ರೈವ್ ತಂದೆ. ದುಬಾರಿ. ಚೆನ್ನಾಗಿರೋ ಡಿಸ್ಕ್ ಆದರೆ ಸರಸರ ಓದುತ್ತದೆ, ಗೀರು ಕಂಡರೆ ಕೈ ಚೆಲ್ಲುತ್ತದೆ. ಸಿಡಿ ರಿಪ್ ಮಾಡುವ ಸಾಫ್ಟ್‌ವೇರ್ ಇಎಸಿಯ, ತಪ್ಪು ಕಂಡಲ್ಲಿ ಮತ್ತೆ ಮತ್ತೆ ಓದುವ ಸೆಕ್ಯೂರ್ ಮೋಡ್‌ನಲ್ಲಿ 7ನೇ ಟ್ರ್ಯಾಕ್ ಒಂದಕ್ಕೇ ರಾತ್ರಿಯಿಡೀ ಬಿಟ್ಟಿದ್ದೆ. ಬೆಳಗ್ಗೆ ನೋಡಿದರೆ ಇನ್ನೂ 61 ಪರ್ಸೆಂಟ್‌ನಲ್ಲೇ ಗುರ್ ಅನ್ನುತ್ತಿತ್ತು.

ಕೊನೆಗೆ ಹೊಸ ಡ್ರೈವ್‌ನ ಕಾಲು ಭಾಗ ದುಡ್ಡಿಗೆ ಹಳೇ ಡ್ರೈವ್ ನಾಲ್ಕು ಒಟ್ಟಿಗೆ ತಗೊಂಡೆ. ಎಲ್ಲರೂ ನಕ್ಕರು. ಒಂದು ಸತ್ತೇ ಹೋಗಿತ್ತು. ಇನ್ನೊಂದರ ಟ್ರೇ ಪಿನ್ ಚುಚ್ಚಿದರೆ ಮಾತ್ರ ತೆರೆಯುತ್ತಿತ್ತು, ಎರಡು ದಿನಕ್ಕೆ ಅದೂ ನಿಂತಿತು. ಉಳಿದ ಎರಡು ಸಾಕಾಯಿತು. ಯಾಕಂದ್ರೆ ಒಂದು ಎಡವುವ ಜಾಗದಲ್ಲಿ ಇನ್ನೊಂದು ಎಡವುವುದಿಲ್ಲ. ರಿಪ್‌ನ ವರದಿ, ಅಂದರೆ ಲಾಗ್ ನೋಡಿ: ಮೊದಲನೆಯದು 7ನೇ ಟ್ರ್ಯಾಕ್ ಶುರುವಿನಿಂದ ಹೆಚ್ಚುಕಡಿಮೆ 2 ನಿಮಿಷ 40 ಸೆಕೆಂಡ್‌ವರೆಗೆ ಚೊಕ್ಕವಾಗಿ ಓದಿತ್ತು, ಆಮೇಲೆ ಬರೀ ಎರರ್. ಎರಡನೆಯದಕ್ಕೆ ಮೊದಲ ಒಂದೂವರೆ ನಿಮಿಷ ಕಷ್ಟ, ಅಲ್ಲಿಂದ ಕೊನೆವರೆಗೆ ತೊಂದರೆಯೇ ಇಲ್ಲ. ಎರಡೂ ಚೆನ್ನಾಗಿ ಓದಿದ ಜಾಗದಲ್ಲಿ ಕತ್ತರಿಸಿ ಜೋಡಿಸಿದೆ.

ಕೇಳಿದರೆ ಏನೂ ಲೋಪ ಇಲ್ಲ. ಸಿಆರ್‌ಸಿ (ಡೇಟಾದಿಂದ ಲೆಕ್ಕಹಾಕುವ ತಾಳೆ ಸಂಖ್ಯೆ) ಮಾತ್ರ ಬೇರೆ! ಮೂರು ದಿನ ಒದ್ದಾಡಿದ ಮೇಲೆ ಹೊಳೆಯಿತು. ಒಂದೊಂದು ಡ್ರೈವ್ ಓದೋದು ಸ್ವಲ್ಪ ಹಿಂದೆ ಮುಂದೆ ಆಗುತ್ತದೆ, ಅದನ್ನು ಸರಿಮಾಡುವ ಸಂಖ್ಯೆಯೇ ಆಫ್‌ಸೆಟ್. ಎರಡು ಡ್ರೈವ್‌ಗೂ ಅದನ್ನು +6 ಅಂತಲೇ ಹಾಕಿದ್ದೆ, ಎರಡನೆಯದಕ್ಕೆ ಬೇಕಿದ್ದದ್ದು +667. ವ್ಯತ್ಯಾಸ 661 ಸ್ಯಾಂಪಲ್, ಅಂದರೆ 15 ಮಿಲಿಸೆಕೆಂಡ್. ನನ್ನ ಕಿವಿಗೆ ಸಿಕ್ಕಲಿಲ್ಲ. ಸರಿಮಾಡಿ ಮತ್ತೆ ರಿಪ್ ಮಾಡಿ ಜೋಡಿಸಿದ ತಕ್ಷಣ ತಾಳೆಯಾಯಿತು. ಹಾಳಾಗಿದ್ದ 9ನೇ ಟ್ರ್ಯಾಕ್‌ಗೆ ಇಷ್ಟೆಲ್ಲ ಬೇಕಾಗಲಿಲ್ಲ, ತಪ್ಪು ಸ್ವಲ್ಪವೇ ಇದ್ದದ್ದರಿಂದ ರಿಪೇರಿ ಮಾಹಿತಿ ಇಟ್ಟಿರುವ ಕ್ಯೂಟೂಲ್ಸ್ ಡೇಟಾಬೇಸ್‌ನಿಂದಲೇ ರಿಪೇರಿ ಆಯಿತು.

ವೇಗ ಎಷ್ಟಿಟ್ಟೆ ಅಂತ ಕೇಳುತ್ತೀರಿ. 4ಎಕ್ಸ್, ಅಂದರೆ ಮಾಮೂಲಿ ನುಡಿಸುವ ವೇಗದ ನಾಲ್ಕು ಪಟ್ಟು. ಎಲ್ಲಕ್ಕಿಂತ ಕಡಿಮೆ ಇಟ್ಟರೆ ಒಳ್ಳೇದು ಅನ್ನೋದು ನನ್ನ ಡ್ರೈವ್‌ಗಳ ಮಟ್ಟಿಗಂತೂ ಸುಳ್ಳು. ಓದುವ ಮುಂಚೆ ಗೀರಿಗೆ ಏನು ಸವರಿದೆ ಅನ್ನೋದನ್ನ ಮಾತ್ರ ಈಗ ಹೇಳಲ್ಲ. ಅಂಥದ್ದೇ ಎರಡು ಡಿಸ್ಕ್ ಮೇಲೆ ಕಣ್ಣಿಟ್ಟಿದ್ದೇನೆ, ಅವು ಕೈಗೆ ಬರಲಿ.

ಈ ನಡುವೆ ಬೇರೊಂದು ಡಿಸ್ಕ್ ಮೇಲೆ ಸುಮ್ನೆ ಇನ್ನೊಂದು ಆಟ ಆಡಿದೆ. ಡಿಸ್ಕ್ ಅಂಚಿಗೆ ಹಸಿರು ಮಾರ್ಕರ್ ಬಳಿದರೆ ಧ್ವನಿ ಸುಧಾರಿಸುತ್ತದೆ ಅನ್ನೋರು ಇನ್ನೂ ಇದ್ದಾರೆ, ಅಲ್ವಾ? ಬಳಿಯುವ ಮುಂಚೆ ಒಂದು ರಿಪ್, ಬಳಿದ ಮೇಲೆ ಒಂದು ರಿಪ್. 12 ಟ್ರ್ಯಾಕ್, 12 ಸಿಆರ್‌ಸಿಯೂ ಒಂದೇ. ಡಿಸ್ಕ್ ಮಾತ್ರ ಅಂಚಿನಲ್ಲಿ ಪಾಚಿ ಕಟ್ಟಿದ ಹಾಗಿದೆ, ಇನ್ನು ಅದನ್ನು ಯಾರೂ ತಗೊಳ್ಳಲ್ಲ.

ಬದಲಾಯಿಸಿಕೊಳ್ಳುವಾಗ ಈಗ ನಾನು ಎರಡು ಕೇಳುತ್ತೇನೆ: ಇಎಸಿ ಲಾಗ್, ಮತ್ತೆ ಡಿಸ್ಕ್ ಹಿಂದೆ ದೀಪ ಹಿಡಿದು ತೆಗೆದ ಫೋಟೊ. ಲೇಬಲ್ ಕಡೆ ಪದರ ಕಿತ್ತಿದ್ದರೆ ಸೂಜಿ ತೂತಿನ ಹಾಗೆ ಬೆಳಕು ಬೀಳುತ್ತದೆ. ಅಂಥದ್ದಕ್ಕೆ ಯಾವ ಡ್ರೈವ್ ಇದ್ದೂ ಉಪಯೋಗವಿಲ್ಲ. ಫೋಟೊ ಕೇಳಿದ ಮೇಲೆ ಇಬ್ಬರು ಉತ್ತರವನ್ನೇ ಕೊಡಲಿಲ್ಲ.

ಗೀರು ಬಿದ್ದ ಆ ಡಿಸ್ಕ್ ನನಗೆ ಕೊಟ್ಟವರು ಲಾಗ್ ನೋಡಿ, ನನ್ನ ಮೂರನ್ನೂ ಹಿಂದಕ್ಕೆ ಕೊಡುತ್ತೇನೆ, ಇದನ್ನು ಕೊಡಿ ಅನ್ನುತ್ತಿದ್ದಾರೆ. ನಾನು ಐದು ಕೇಳಿದ್ದೇನೆ.